ಮೋನಮ್ಮನ ಮರಿ ಹಕ್ಕು

ಸೂಗನಾಳದ ಮೋನಮ್ಮನಿಗೆ ಆ ಹೆಸರು ಬಂದದ್ದು ತಿಂಥಣಿಯ ಮೌನಪ್ಪನಿಂದ. ಸುರಪುರ ಸೀಮೆಯಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧದಷ್ಟಕ್ಕಾದರೂ ಆ ದೇವರ ಹೆಸರಿನಲ್ಲಿ ಒಂದು ಪಾಲು ಸಿಗುತ್ತದೆ. ಆಮೇಲೆ ತವರಿನವರು ಬೌದ್ಧರಾದರು. ಗೋಡೆಯ ಮೇಲೆ ಬುದ್ಧ ಬಂದ, ಬಾಬಾಸಾಹೇಬರು ಬಂದರು, ಹೆಸರು ಮಾತ್ರ ಹಾಗೇ ಉಳಿಯಿತು. ಆದರೆ ಹೆಸರಿನೊಳಗಿದ್ದ ಮೌನ ಒಂದು ದಿನವೂ ಆಕೆಯ ಹತ್ತಿರ ಸುಳಿಯಲಿಲ್ಲ. ಅದು ದಾರಿ ತಪ್ಪಿ ಗಂಡ ಸಾಬಣ್ಣನ ಪಾಲಿಗೆ ಹೋಗಿತ್ತು. ಸಾಬಣ್ಣ ದಿನಕ್ಕೆ ಏಳೆಂಟು ಮಾತಾಡುತ್ತಿದ್ದ, ಅದರಲ್ಲಿ ನಾಲ್ಕು "ಹೂಂ".

ಮೋನಮ್ಮ ಹತ್ತು ಹನ್ನೆರಡರ ಹುಡುಗಿಯಾಗಿದ್ದಾಗ ಕೃಷ್ಣೆಯ ನೀರು ಇನ್ನೂ ಇಂಜಿನಿಯರುಗಳ ನಕ್ಷೆಯಲ್ಲಿತ್ತು. ಅದನ್ನು ನೆಲಕ್ಕಿಳಿಸುವ ಕೆಲಸಕ್ಕೆ ಆಕೆಯ ಅವ್ವ ಮಣ್ಣು ಹೊರಲು ಹೋಗುತ್ತಿದ್ದಳು. ಹಿಂದೆಯೇ ಈಕೆಯೂ ಸಣ್ಣದೊಂದು ಬುಟ್ಟಿ ಹೊತ್ತು ನಡೆಯುತ್ತಿದ್ದಳು. ಹೀಗಾಗಿ ಕಾಲುವೆಯ ಮೇಲೆ ಆಕೆಗೆ ಯಾವ ಸಾಹೇಬರಿಗೂ ಇಲ್ಲದ ಸಲಿಗೆ. ಮುಂದೆ ಎಷ್ಟೋ ವರ್ಷದ ಮೇಲೆ ದೊಡ್ಡ ಅಧಿಕಾರಿಯೊಬ್ಬರು ಜೀಪಿನಿಂದಿಳಿದು ದಂಡೆಯ ಮೇಲೆ ನಿಂತಾಗ, ಅದು ತಾನು ಹಾಕಿದ ಮಣ್ಣು, ಸ್ವಲ್ಪ ಮೆತ್ತಗೆ ಕಾಲಿಡಬೇಕು ಎಂದು ಹೇಳಿ ಬಂದಿದ್ದಳಂತೆ. ಅಧಿಕಾರಿ ಮೆತ್ತಗೆ ಕಾಲಿಟ್ಟರೆಂದೂ ಊರಿನವರು ಹೇಳುತ್ತಾರೆ.

ಮದುವೆಯಾಗಿ ಸೂಗನಾಳಕ್ಕೆ ಬಂದಳು. ಶಹಾಪುರದಿಂದ ವಡಗೇರಾ ಕಡೆಗೆ ಹೋಗುವಾಗ ಬಸ್ಸು ಮನಸ್ಸಿದ್ದರೆ ನಿಲ್ಲುವ ಊರು ಅದು. ಆಗ ಅಲ್ಲಿ ಜೋಳ, ತೊಗರಿ, ದೇವರ ದಯೆ. ನಂತರ ಕಾಲುವೆ ಬಂತು, ನೀರು ಬಂತು, ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದವರು ಕ್ಯಾಂಪು ಹಾಕಿ ಭತ್ತ ನೆಟ್ಟರು. ಮೋನಮ್ಮ ಒಂದು ಹಂಗಾಮು ದಂಡೆಯ ಮೇಲೆ ನಿಂತು ಅವರು ನೆಡುವುದನ್ನು ನೋಡಿದಳು. ಎರಡನೆಯ ಹಂಗಾಮಿಗೆ ಅವರ ಜೊತೆ ಕೆಸರಿಗಿಳಿದಳು. ಮೂರನೆಯ ಹಂಗಾಮಿಗೆ ಆಕೆಯದೇ ಹದಿನೆಂಟು ಹೆಣ್ಣುಮಕ್ಕಳ ಗುಂಪು ಕಟ್ಟಿ ನಿಂತಿತ್ತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಸೂಗನಾಳದ ಕೆಸರಿನಲ್ಲಿ ಆಕೆಯದೇ ರಾಜ್ಯಭಾರ. ನಾಟಿಯ ದಿನಗಳಲ್ಲಿ ನೂರು ಎಕರೆಯ ಧಣಿಗಳು ಕೂಡ ಆಕೆಯ ಕಟ್ಟೆಯ ಮೇಲೆ ಕೂತು ಪಾಳಿ ಕಾಯುತ್ತಿದ್ದರು. ಯಾರ ಹೊಲ ಮೊದಲು, ಯಾರದು ಆಮೇಲೆ ಎಂಬುದನ್ನು ಆಕೆ ಎಲೆ ಅಡಿಕೆ ಹಾಕುತ್ತ ತೀರ್ಮಾನಿಸುತ್ತಿದ್ದಳು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಈ ಸಾಮ್ರಾಜ್ಯಕ್ಕೆ ಕೋಟೆಯಿಲ್ಲ, ಖಜಾನೆಯಿಲ್ಲ. ಮೋನಮ್ಮನನ್ನು ನೋಡಿ ಯಾರೂ ನಗುವ ಧೈರ್ಯ ಮಾಡುವುದಿಲ್ಲ ಎಂಬ ಒಂದೇ ಕಂಬದ ಮೇಲೆ ಅದು ನಿಂತಿತ್ತು.

ಕಾಲುವೆ ಭತ್ತ ಕೊಟ್ಟಂತೆ ಜವಳನ್ನೂ ಕೊಟ್ಟಿತು. ನೀರು ಹರಿಯುವಾಗ ಕರಿ ಮಣ್ಣಿನೊಳಗೆ ಸದ್ದಿಲ್ಲದೆ ಜಿನುಗಿ ಅದು ಊರಿನ ಕೆಳಗೆಲ್ಲ ಹಬ್ಬುತ್ತಿತ್ತು. ಇದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಪಂಚಾಯಿತಿಯವರು ಮನೆಮನೆಗೆ ಸಂಡಾಸ ಕಟ್ಟಿಸಿದ ಮೇಲೆ ವಿಷಯವಾಯಿತು. ಕಾಲುವೆಗೆ ಹದಿನಾಲ್ಕು ದಿನ ನೀರು ಬಿಡುತ್ತಾರೆ, ಆಮೇಲೆ ಕೆಲವು ದಿನ ನಿಲ್ಲಿಸುತ್ತಾರೆ. ಇದಕ್ಕೆ ಚಾಲೂ-ಬಂದ್ ಎಂದು ಹೆಸರು. ಕಾಲುವೆ ಚಾಲೂ ಆದ ಮೂರನೆಯ ದಿನಕ್ಕೆ ಸಂಡಾಸದ ಗುಂಡಿಯಲ್ಲಿ ನೀರೇಳುತ್ತಿತ್ತು. ಐದನೆಯ ದಿನಕ್ಕೆ ಬೇಸಿನ್ನು ತಾನೇ ಗುಳುಗುಳು ಎಂದು ಮಾತಾಡತೊಡಗುತ್ತಿತ್ತು. ಕೂತವರು ಎದ್ದು ಓಡಬೇಕು. ಒಟ್ಟಿನಲ್ಲಿ ಕಾಲುವೆ ಚಾಲೂ ಇದ್ದರೆ ಸಂಡಾಸ ಬಂದ್, ಕಾಲುವೆ ಬಂದ್ ಆದರೆ ಸಂಡಾಸ ಚಾಲೂ. ಸರಕಾರದ ಎರಡು ಇಲಾಖೆಗಳು ಇಷ್ಟು ಹೊಂದಿಕೊಂಡು ಕೆಲಸ ಮಾಡಿದ್ದನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ.

ಹೀಗಾಗಿ ನೀರು ಹರಿಯುವ ದಿನಗಳಲ್ಲಿ ಊರಿಗೆ ಊರೇ ನಸುಕಿನಲ್ಲಿ ಚರಗಿ ಹಿಡಿದು ದಂಡೆಯ ಕಡೆ ನಡೆಯುತ್ತಿತ್ತು. ಚರಗಿ ಎಂದರೆ ಮೂರಂಗುಲ ಬಾಯಿಯ ಹಿತ್ತಾಳೆಯ ಸಣ್ಣ ಪಾತ್ರೆ. ಅದು ಕೈಯಲ್ಲಿದ್ದರೆ ಸೂಗನಾಳದಲ್ಲಿ ಮನುಷ್ಯ ಮಾಯವಾಗುತ್ತಾನೆ. ಎದುರು ಬಂದವನು ಗೋಣು ತಿರುಗಿಸುತ್ತಾನೆ, ಶರಣು ಎನ್ನುವುದಿಲ್ಲ, ಎಲ್ಲಿಗೆ ಎಂದು ಕೇಳುವುದಿಲ್ಲ. ಸೊಸೆಗೆ ಮಾವ ಕಾಣುವುದಿಲ್ಲ, ಆಳಿಗೆ ಧಣಿ ಕಾಣುವುದಿಲ್ಲ. ಯಾರೂ ಬರೆಯದ, ಯಾರೂ ಮುರಿಯದ ಕಾಯ್ದೆ ಅದು. ಕಣ್ಣಿಗೆ ಗೋಣಿನ ಜೊತೆ ತಿರುಗುವ ಅಭ್ಯಾಸವಿತ್ತು, ಕಾಯ್ದೆ ಅದರ ಮೇಲೆಯೇ ನಡೆಯುತ್ತಿತ್ತು.

ಫೋನಿಗೆ ಗೋಣಿರಲಿಲ್ಲ.

ಎರಡು ಸಾವಿರದ ಹದಿನೇಳರ ಮಳೆಗಾಲದಲ್ಲಿ ಸೂಗನಾಳವನ್ನು ಬಯಲು ಬಹಿರ್ದೆಸೆ ಮುಕ್ತ ಗ್ರಾಮವೆಂದು ಸಾರಲು ಅಕ್ಟೋಬರ್ ಎರಡರ ಮುಹೂರ್ತ ಗೊತ್ತಾಯಿತು. ಪಂಚಾಯಿತಿಯ ಪಿಡಿಓ ಮಂಡ್ಯದ ಕಡೆಯವರು, ಎಳೆಯ ಅಧಿಕಾರಿ, ಕೆಟ್ಟವರಲ್ಲ. ಅವರಿಗೆ ಗುರಿ ಕೊಟ್ಟಿದ್ದರು, ಜವಳಿನ ವಿಷಯ ಹೇಳಿರಲಿಲ್ಲ. ಅವರು ಒಂದು ನಿಗಾ ಸಮಿತಿ ಮಾಡಿ ಅದಕ್ಕೆ ಬಿಲ್ ಕಲೆಕ್ಟರ್ ಹಣಮಂತ್ರಾಯನನ್ನು ದಂಡನಾಯಕನನ್ನಾಗಿ ನೇಮಿಸಿದರು. ಹಣಮಂತ್ರಾಯನಿಗೆ ಒಂದು ಸೀಟಿ, ಒಂದು ಟಾರ್ಚು ಕೊಟ್ಟರು. ಫೋನು ಅವನದೇ ಇತ್ತು. ಹದಿನೈದು ವರ್ಷ ನೀರಿನ ಬಿಲ್ಲು ಹಿಡಿದು ಮನೆಮನೆಗೆ ಹೋಗಿ ಬಯ್ಸಿಕೊಂಡವನು ಅವನು. ಮೊದಲ ಸಲ ಜನ ಅವನನ್ನು ನೋಡಿ ಓಡುವಂತಾಯಿತು. ಆ ಸುಖ ತಲೆಗೇರದೆ ಇರಲಿಕ್ಕೆ ಅವನೇನು ಋಷಿಯೇ?

ಸೆಪ್ಟೆಂಬರಿನ ಮೊದಲ ವಾರ ಒಂದು ನಸುಕಿನಲ್ಲಿ ಅವನು ಜಾಲಿಗಿಡದ ಮರೆಯಿಂದ ಮೋನಮ್ಮನ ಫೋಟೊ ಹೊಡೆದ. ಹಿಂದಿನಿಂದ ತೆಗೆದ ಚಿತ್ರ. ಸೀರೆ ಮೊಣಕಾಲಿಗೆ ಏರಿಸಿ, ಎಡಗೈಯಲ್ಲಿ ಚರಗಿ ಹಿಡಿದು, ಕೆಂಪಾಗುತ್ತಿದ್ದ ಕಾಲುವೆಯ ನೀರಿಗೆ ಎದುರಾಗಿ ಆಕೆ ಇನ್ನೇನು ಕೂಡಬೇಕು. ಹಣಮಂತ್ರಾಯ ಅದಕ್ಕೆ ಗುಲಾಬಿ ಹೂವಿನ ಚೌಕಟ್ಟು ಹಾಕಿ, "ಇಂದಿನ ಚರಗಿ ವೀರರು" ಎಂದು ಬರೆದು, "ಸ್ವಚ್ಛ ಸೂಗನಾಳ" ಎಂಬ ವಾಟ್ಸಾಪ್ ಗುಂಪಿಗೆ ಬಿಟ್ಟ. ಗುಂಪಿನಲ್ಲಿ ಅವನು ಸೇರಿ ಇನ್ನೂರ ಹದಿಮೂರು ಜನ. ಮಧ್ಯಾಹ್ನದೊಳಗೆ ನಲವತ್ತು ನಗುವ ಮುಖಗಳು ಬಂದವು. ಏನು ಕಳಿಸಿದರೂ ಕೈ ಮುಗಿಯುವವರು ಕೈ ಮುಗಿದರು. ಪುಣೆಗೆ ದುಡಿಯಲು ಹೋಗಿದ್ದವನೊಬ್ಬ ಗುಲಾಬಿ ಹೂವನ್ನಷ್ಟೇ ನೋಡಿ ಹುಟ್ಟುಹಬ್ಬದ ಶುಭಾಶಯ ಕೋರಿದ.

ಮೋನಮ್ಮನ ಬಳಿ ಫೋನಿರಲಿಲ್ಲ. ಹೊಲದಲ್ಲಿ ಧಣಿ ಅಂದು ಸುಮ್ಮಸುಮ್ಮನೆ ನಕ್ಕಾಗಲೂ ಆಕೆಗೆ ತಿಳಿಯಲಿಲ್ಲ. ತೋರಿಸಿದವಳು ನಾಟಿಯ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯಳಾದ ಮಾಳಮ್ಮ. ಕುರಿ ಸಾಕುವ ಮನೆಗೆ ಅದೇ ವರ್ಷ ಸೊಸೆಯಾಗಿ ಬಂದವಳು.

"ದೊಡ್ಡವ್ವ, ಸಿಟ್ಟಾಗಬ್ಯಾಡ. ಇದು ನೀನ ಅಲ್ಲೇನು?"

ಮೋನಮ್ಮ ಕೆಸರಿನ ಕೈ ಹಿಂದಿಟ್ಟುಕೊಂಡು ಬಗ್ಗಿ ನೋಡಿದಳು. "ಮಾರಿ ಎಲ್ಲಿ ಅದ ಇದರಾಗ?"

"ಮಾರಿ ಇಲ್ಲ."

"ಮತ್ತ ನಾನ ಅಂತ ಹ್ಯಾಂಗ ಹೇಳ್ತಾರ?"

ಮಾಳಮ್ಮ ಫೋನನ್ನು ಸೆರಗಿನಿಂದ ಒರೆಸಿದಳು. "ಊರಿಗೆಲ್ಲ ಗೊತ್ತದ, ದೊಡ್ಡವ್ವ. ಈ ಅಗಲ ಮತ್ಯಾರಿಗೂ ಇಲ್ಲ."

ಹದಿನೇಳು ಹೆಣ್ಣುಮಕ್ಕಳು ಬಾಗಿದ ಸೊಂಟ ಬಾಗಿಸಿಕೊಂಡೇ ನಗು ನುಂಗಿದರು. ನುಂಗಿದ್ದು ಮೋನಮ್ಮನಿಗೆ ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆಕೆಯ ಕಂಬ ಅಲುಗಾಡಿತು.

ಆದರೆ ಮಾಳಮ್ಮ ಹೇಳಬೇಕಾದದ್ದು ಇನ್ನೂ ಮುಗಿದಿರಲಿಲ್ಲ. ಹಣಮಂತ್ರಾಯ ಒಟ್ಟು ಹನ್ನೊಂದು ಹೆಣ್ಣುಮಕ್ಕಳ ಫೋಟೊ ಹೊಡೆದು ಹೀಗೇ ವಾಟ್ಸಾಪಿಗೆ ಬಿಟ್ಟಿದ್ದ. ಅಕ್ಟೋಬರ್ ಎರಡಕ್ಕೆ ತಾಲೂಕಿನ ಸಾಹೇಬರು ಬರುವ ಹೊತ್ತಿಗೆ ಹನ್ನೊಂದನ್ನೂ ಬಾಗಿಲಿನಷ್ಟು ದೊಡ್ಡ ಫ್ಲೆಕ್ಸಿನಲ್ಲಿ ಹೊಡೆಸಿ ಪಂಚಾಯಿತಿಯ ಮುಂದೆ ಕಟ್ಟುವವನಿದ್ದ. ಹನ್ನೊಂದರಲ್ಲಿ ಮಾಳಮ್ಮನೂ ಒಬ್ಬಳು. ಅತ್ತೆ ಮನೆಯವರು ಇನ್ನೂ ನೋಡಿರಲಿಲ್ಲ. ಫ್ಲೆಕ್ಸನ್ನು ನೋಡದೆ ಇರಲಿಕ್ಕೆ ಆಗುವುದಿಲ್ಲ.

ಅಂದಿನಿಂದ ಮಾಳಮ್ಮ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಬಿಟ್ಟಳು. ಕುಡಿದರೆ ತಾನೇ ದಂಡೆಗೆ ಹೋಗಬೇಕು? ಮೂರನೆಯ ದಿನ ಬಿಸಿಲಿಗೆ ತಲೆ ತಿರುಗಿ ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದಳು. ಮೋನಮ್ಮ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬದುವಿಗೆ ತಂದು, ಮಾರಿಗೆ ನೀರು ಹೊಡೆದು, ಒಂದು ಚರಗಿ ನೀರನ್ನು ಬಾಯಿಗೆ ಹಿಡಿದು ಕುಡಿಸಿದಳು. ಆಮೇಲೆ ಯಾರಿಗೂ ಏನೂ ಹೇಳದೆ, ಕೈಕಾಲು ಕೂಡ ತೊಳೆಯದೆ, ವಡಗೇರಾ ಬಸ್ಸು ಹತ್ತಿದಳು.

ವಡಗೇರಾ ಬಸ್‌ಸ್ಟ್ಯಾಂಡಿನ ಎದುರು ಆಕೆಯ ತಮ್ಮ ಅಂಬ್ರಪ್ಪನ ಪಂಕ್ಚರ್ ಅಂಗಡಿ. ಅಂಬ್ರಪ್ಪ ಹತ್ತನೆಯ ಇಯತ್ತೆಯನ್ನು ಮೂರು ಸಲ ಓದಿ ಮೂರು ಸಲವೂ ಅಲ್ಲಿಯೇ ಬಿಟ್ಟು ಬಂದವನು. ಆದರೆ ಸಂವಿಧಾನ ಅವನಿಗೆ ಕಂಠಪಾಠ. ಟಯರಿಗೆ ಗಾಳಿ ಹೊಡೆಯುತ್ತ ಹದಿನಾಲ್ಕನೆಯ ಅನುಚ್ಛೇದ ಹೇಳುವವನು. ಸೀಟು ಕೊಡದ ಕಂಡಕ್ಟರನ ಮೇಲೆ ಹದಿನೈದನ್ನು, ಬಾಯಿ ಮುಚ್ಚು ಎಂದ ಪೊಲೀಸಿನವನ ಮೇಲೆ ಹತ್ತೊಂಬತ್ತನ್ನು ಪ್ರಯೋಗಿಸಿದವನು. ಇಪ್ಪತ್ತೊಂದು ಅವನ ಬ್ರಹ್ಮಾಸ್ತ್ರ. ಅದನ್ನು ತಕ್ಕ ಸಮರಕ್ಕಾಗಿ ಎತ್ತಿಟ್ಟಿದ್ದ.

ಅಕ್ಕನ ಮಾತು ಕೇಳಿ ಅವನ ಕಣ್ಣು ಮಿನುಗಿತು. ಗೋಡೆಗೆ ಅಂಟಿಸಿದ್ದ ಪತ್ರಿಕೆಯ ತುಂಡನ್ನು ಕಿತ್ತು ಓದಿದ. ಆಗಸ್ಟಿನಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ಜನ ನ್ಯಾಯಮೂರ್ತಿಗಳು ಒಟ್ಟಿಗೆ ಕೂತು, ಖಾಸಗಿತನ ಎಂಬುದು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಹೇಳಿದ್ದರು. ಆ ಪದ ಸಂವಿಧಾನದಲ್ಲಿಲ್ಲ. ಜೀವ ಮತ್ತು ಸ್ವಾತಂತ್ರ್ಯವನ್ನು ಕಾನೂನಿನ ದಾರಿ ಬಿಟ್ಟು ಯಾರೂ ಕಸಿಯುವಂತಿಲ್ಲ ಎಂದು ಇಪ್ಪತ್ತೊಂದರಲ್ಲಿ ಒಂದೇ ಒಂದು ವಾಕ್ಯವಿದೆ. ಅದರೊಳಗೇ ಇದೂ ಇದೆ ಎಂದು ಅವರು ಓದಿದ್ದರು. ಬಹಳ ಹಿಂದೆ, ಇಂಥ ಫೋನುಗಳಿಲ್ಲದ ಕಾಲದಲ್ಲಿ, ಎಂಟು ಜನ ಕೂತು ಅಂಥ ಹಕ್ಕು ಕಾಣುವುದಿಲ್ಲ ಎಂದಿದ್ದರು. ಆ ಮಾತನ್ನು ತೆಗೆದುಹಾಕಲಿಕ್ಕೇ ಈಗ ಒಂಬತ್ತು ಜನ ಬೇಕಾಯಿತು.

ಇದು ಮೋನಮ್ಮನಿಗೆ ತಟ್ಟನೆ ಅರ್ಥವಾಯಿತು. ಎಂಟು ಮಂದಿ ಸೇರಿ ಡೊಂಕಾಗಿ ನೆಟ್ಟ ಸಾಲನ್ನು ಕಿತ್ತು ನೆಡಲು ಒಂಬತ್ತು ಮಂದಿ ಬೇಕೇ ಬೇಕು, ಆಕೆ ಎಷ್ಟೋ ಸಲ ಕಳಿಸಿದ್ದಳು. ಅರ್ಥವಾಗದೆ ಉಳಿದದ್ದು ಪದ.

"ಖಾಸಗಿ ಅಂತ ಬರೀಬ್ಯಾಡ," ಎಂದಳು. "ಖಾಸಗಿ ಬಸ್ಸು, ಖಾಸಗಿ ಸಾಲಿ, ಖಾಸಗಿ ದವಾಖಾನಿ. ಅವೆಲ್ಲ ರೊಕ್ಕ ಇದ್ದವರವು. ನಮಗ ಬೇಕಾಗಿದ್ದು ಮರಿ. ಮರಿ ಅಂತ ಬರಿ."

ಇಲ್ಲಿಯೇ ಚರಿತ್ರೆ ದಾರಿ ತಪ್ಪಿತು. ಆಕೆ ಹೇಳಿದ್ದು ಮರೆ. ಗಿಡದ ಮರೆ, ಸೆರಗಿನ ಮರೆ ಎನ್ನುವಾಗಿನ ಮರೆ. ಆ ಸೀಮೆಯ ಬಾಯಲ್ಲಿ ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ, ಮರೆ ಮರಿಯಾಗುತ್ತದೆ. ಅರ್ಜಿಯಲ್ಲಿ ಅರ್ಜಿದಾರರ ಬಾಯಿಮಾತು ಒಂದಕ್ಷರವೂ ಬದಲಾಗಬಾರದು ಎಂಬುದು ಅಂಬ್ರಪ್ಪನ ಸಿದ್ಧಾಂತ. ಅವನು ಬರೆದ:

"ಪ್ರತಿ ಹೆಣ್ಣುಮಗಳಿಗೂ ಮರಿ ಇರಬೇಕು. ಬಡವರಿಗೂ ಮರಿ ಹಕ್ಕು ಇದೆ. ನಮ್ಮ ಮರಿಯನ್ನು ಹಣಮಂತ್ರಾಯ ಬೆಳಗಿನ ಜಾವ ದಂಡೆಯ ಮೇಲೆ ಕಸಿದುಕೊಂಡಿದ್ದಾನೆ. ಹನ್ನೊಂದು ಮಂದಿಯ ಮರಿ ಹೋಗಿದೆ. ಇಪ್ಪತ್ತೊಂದರ ಪ್ರಕಾರ ನಮ್ಮ ಮರಿ ನಮಗೆ ತಿರುಗಿ ಕೊಡಿಸಬೇಕು."

ಕೆಳಗೆ ಹನ್ನೊಂದು ಹೆಬ್ಬೆಟ್ಟು ಮತ್ತು ಸಹಿ. ಅದರಲ್ಲಿ ಮಾಳಮ್ಮನೂ ಸೇರಿ ನಾಲ್ವರು ಕುರಿ ಸಾಕುವ ಮನೆಯವರು.

ಮಂಡ್ಯದ ಪಿಡಿಓ ಅದನ್ನು ಎರಡು ಸಲ ಓದಿ ಬೆವೆತರು. ಹಣಮಂತ್ರಾಯನನ್ನು ಕರೆದು, ಯಾರದಾದರೂ ಕುರಿಮರಿ ಹಿಡಿದುಕೊಂಡು ಹೋಗಿದ್ದೀಯೇನಯ್ಯಾ ಎಂದು ಕೇಳಿದರು. ಅವನು ಮಕ್ಕಳ ಮೇಲೆ ಆಣೆ ಮಾಡಿದ. ಇಪ್ಪತ್ತೊಂದು ಎಂದರೆ ಇಪ್ಪತ್ತು ಕುರಿ, ಒಂದು ಟಗರು ಕೊಡುವ ಯಾವುದೋ ಯೋಜನೆ ಇರಬೇಕು ಎಂದು ಪಿಡಿಓ ತಾವೇ ಅರ್ಥ ಮಾಡಿಕೊಂಡರು. ಯಾವ ಕಾಗದವನ್ನೂ ಮೇಜಿನ ಮೇಲೆ ಕೊಳೆಯಲು ಬಿಡಬಾರದೆಂಬ ಸದಾಚಾರದವರಾದ್ದರಿಂದ, "ಮುಂದಿನ ಕ್ರಮಕ್ಕಾಗಿ" ಎಂದು ಬರೆದು, ಹೊರಹೋಗುವ ಕಾಗದಗಳ ಜಾವಕ ಪುಸ್ತಕದಲ್ಲಿ ನಂಬರು ಹಾಕಿಸಿ, ದನದ ದವಾಖಾನೆಗೆ ಕಳಿಸಿಬಿಟ್ಟರು.

ಹೀಗೆ ಭಾರತದ ಸಂವಿಧಾನ ಸೂಗನಾಳದಲ್ಲಿ ಪಶುವೈದ್ಯರ ಕೈಗೆ ಸೇರಿತು.

ವಾರದ ಮೇಲೆ ಒಂದು ಬೆಳಿಗ್ಗೆ ದನದ ದವಾಖಾನೆಯ ಮೈನುದ್ದೀನ ಮೋಟರ್‌ಸೈಕಲ್ಲಿಗೆ ಜಂತಿನ ಔಷಧದ ಕ್ಯಾನು ಕಟ್ಟಿಕೊಂಡು ಮೋನಮ್ಮನ ಬಾಗಿಲಿಗೆ ಬಂದ. ಸುರಪುರದವನು, ಐವತ್ತರ ಹತ್ತಿರದವನು, ಕುರಿಗಳೊಡನೆ ಸಾಲುಸಾಲು ವರ್ಷ ಕಳೆದು ಮನುಷ್ಯರೊಡನೆ ತಾಳ್ಮೆ ಕಲಿತವನು. ಸಾಬಣ್ಣ ಹೊರಸು ಹಾಕಿ ಕೊಟ್ಟ. ಮೈನುದ್ದೀನ ಕಾಗದ ತೆಗೆದ.

"ಮರಿ ಎಷ್ಟವ, ಯಕ್ಕಾ?"

"ಹನ್ನೊಂದು ಮಂದೀದು ಹೋಗ್ಯಾವ."

"ಈಗ ಎಲ್ಲ್ಯಾವ?"

"ಫೋನಿನ್ಯಾಗ."

ಮೈನುದ್ದೀನ ಕಾಗದವನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದ. "ಜಡ್ಡು ಏನರ ಬಂದಿತ್ತೇನು?"

"ಮರಿ ಹೋದ ಮ್ಯಾಲ ಬರೋ ಜಡ್ಡು ಒಂದ, ಸಾಹೇಬ. ನಾಚಿಗಿ. ಒಬ್ಬಾಕಿ ನೀರು ಕುಡಿಯೋದ ಬಿಟ್ಟಾಳ."

ಕೊನೆಗೆ ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೈನುದ್ದೀನ ಮೊದಲು ಹೊರಸು ಕಿರುಗುಟ್ಟುವಂತೆ ನಕ್ಕ. ನೀರು ಬಿಟ್ಟವಳ ಮಾತು ಎರಡನೆಯ ಸಲ ಬಂದಾಗ ನಗು ನಿಂತಿತು. ತನ್ನ ಅಮ್ಮ ಇದನ್ನೇ ಪರದಾ ಎನ್ನುತ್ತಿದ್ದಳು, ಮರಿ ಎಂದರೂ ಅದೇ, ಪೇಪರಿನವರ ಖಾಸಗಿಯೂ ಅದೇ ಎಂದ. ಜಂತಿನ ಔಷಧವನ್ನು ಸುಮ್ಮನೆ ತಿರುಗಿ ಒಯ್ಯಲು ಮನಸ್ಸಾಗದೆ ಪಕ್ಕದ ಮನೆಯ ಮೇಕೆಗೆ ಕುಡಿಸಿ, ಮೊಣಕಾಲ ಮೇಲೆ ಫೈಲಿಟ್ಟುಕೊಂಡು ಷರಾ ಬರೆದ:

"ಸ್ಥಳ ಪರಿಶೀಲಿಸಲಾಗಿದೆ. ಅರ್ಜಿದಾರರ ಬಳಿ ಕುರಿಮರಿಗಳಿಲ್ಲ. ಅವರು ಕೇಳಿರುವ ಮರೆಯು ಸಂವಿಧಾನದ ಇಪ್ಪತ್ತೊಂದನೆಯ ಅನುಚ್ಛೇದಕ್ಕೆ ಸೇರಿದ್ದು, ನಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಹನ್ನೊಂದು ಮಹಿಳೆಯರ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಹಂಚಿರುವುದು ಕಂಡುಬಂದಿದೆ. ಪಂಚಾಯಿತಿಗೆ ಮರಳಿಸಿದೆ."

ಕೆಳಗೆ ಅಭ್ಯಾಸಬಲದಿಂದ "ಪ್ರತಿ: ತಾಲೂಕು ಪಂಚಾಯಿತಿಗೆ" ಎಂದೂ ಸೇರಿಸಿದ. ಇಪ್ಪತ್ತೊಂದನೆಯ ಅನುಚ್ಛೇದ ಮಾಡದಿದ್ದ ಕೆಲಸವನ್ನು ಆ ಒಂದು ಸಾಲು ಮಾಡಿತು. ಬರೀ ಸಂವಿಧಾನವಿದ್ದರೆ ಸುಮ್ಮನಿರಬಹುದು, ಮೇಲಿನವರಿಗೆ ಪ್ರತಿ ಹೋದ ಕಾಗದ ಇದ್ದರೆ ನಿದ್ರೆ ಬರುವುದಿಲ್ಲ.

ಪಿಡಿಓ ಮೋನಮ್ಮನನ್ನು ಕರೆಸಿದರು. ಆಕೆ ಒಬ್ಬಳೇ ಬರಲಿಲ್ಲ. ಹದಿನೆಂಟು ಮಂದಿ ಮೊಣಕಾಲವರೆಗಿನ ಕೆಸರಿನ ಸಮೇತ ಬಂದು ಆಫೀಸಿನ ಬಿಳಿ ಟೈಲ್ಸ್ ತುಂಬಿಕೊಂಡರು. ಅಂಬ್ರಪ್ಪ ಕೈಯಲ್ಲಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತ. ಹಣಮಂತ್ರಾಯ ಕುತ್ತಿಗೆಯ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡ.

ಪಿಡಿಓ ಮೆತ್ತಗೇ ಮಾತಾಡಿದರು. ಇದೆಲ್ಲ ಊರಿನ ಒಳ್ಳೆಯದಕ್ಕೆ, ಆರೋಗ್ಯಕ್ಕೆ ಎಂದರು. ಆಮೇಲೆ ಅಂಬ್ರಪ್ಪನ ಕೈಯ ಪುಸ್ತಕ ತೋರಿಸಿ, "ಅದ್ರಲ್ಲಿ ಮರೆ ಅನ್ನೋ ಪದ ಎಲ್ಲಿದೆ ತೋರ್ಸಿ ನೋಡೋಣ. ಅದನ್ನ ಬರ್ದಾಗ ಈ ಫೋನೇ ಇರ್ಲಿಲ್ಲ" ಎಂದರು.

ಅಂಬ್ರಪ್ಪ ಬಾಯಿ ತೆರೆಯುವ ಮೊದಲೇ ಮೋನಮ್ಮ ಮುಂದೆ ಬಂದಳು.

"ಸಾಹೇಬ್ರ, ಕಾಲುವಿ ನಕ್ಷಾದಾಗ ನಮ್ಮ ಸಂಡಾಸ ಅದ ಏನ್ರಿ?"

"ಇಲ್ಲ."

"ಕಾಲುವಿ ಕಡದಾಗ ನಾ ಮಣ್ಣು ಹೊತ್ತೀನಿ. ಆಗ ಊರಾಗ ಸಂಡಾಸ ಅನ್ನೋದ ಇರಲಿಲ್ಲ. ಆದ್ರೂ ಅಲ್ಲಿ ನೀರು ಬಿಟ್ರ ಇಲ್ಲಿ ಗುಂಡ್ಯಾಗ ಏಳ್ತದ. ಯಾಕಂದ್ರ ನೆಲ ಒಂದ ಅದ. ಬುಕ್ಕೂ ಹಂಗ. ಫೋನ್ ಬಂತಂದ್ರ ಫೋನಿನ ಬುಡಕ್ಕ ಜಿನಗತದ."

ಕಾನೂನು ಓದಿದವರು ಇದನ್ನು ನೂರಾರು ಪುಟಗಳಲ್ಲಿ ಹೇಳಿದ್ದರು, ಜವಳಿನ ವಿಷಯ ಅವರಿಗೂ ಹೊಳೆದಿರಲಿಲ್ಲ. ಸಂಡಾಸದಲ್ಲಿ ನೀರೇಳುವುದು ನಿಜವೇ ಎಂದು ಪಿಡಿಓ ಹಣಮಂತ್ರಾಯನನ್ನು ಕೇಳಿದರು. ಆ ಪುಣ್ಯಾತ್ಮ ಸೀಟಿಯನ್ನು ಅಂಗಿಯೊಳಗೆ ಇನ್ನಷ್ಟು ಕೆಳಕ್ಕೆ ತಳ್ಳಿದ.

"ಅವಂಗೇನ್ ಕೇಳ್ತೀರಿ?" ಎಂದಳು ಮೋನಮ್ಮ. "ಇವತ್ತ ಕಾಲುವಿ ಚಾಲೂ ಅದ. ಬರ್ರಿ, ನಮ್ಮ ಸಂಡಾಸದಾಗ ನೀವ ಒಂದ್ಸಲ ಕೂಡ್ರಿ. ಅಂಬ್ರಪ್ಪ ಫೋಟೊ ಹೊಡೀತಾನ."

ಕೆಸರಿನ ಕಾಲುಗಳ ಮೇಲೆ ಹದಿನೇಳು ನಗುಗಳು ಒಮ್ಮೆಲೇ ಎದ್ದವು. ಈ ಸಲ ಯಾರೂ ನುಂಗಲಿಲ್ಲ. ಪಿಡಿಓ ಕೆಂಪಾದರು, ಆಮೇಲೆ, ಅವರ ಒಳ್ಳೆಯತನಕ್ಕೆ, ತಾವೂ ಸ್ವಲ್ಪ ನಕ್ಕರು. ಅಲ್ಲಿಯೇ ಶಹಾಪುರದ ಫ್ಲೆಕ್ಸಿನ ಅಂಗಡಿಗೆ ಫೋನು ಮಾಡಿ ಆರ್ಡರು ರದ್ದು ಮಾಡಿಸಿ, ಅಂಗಡಿಯವನ ಕಂಪ್ಯೂಟರಿನಿಂದಲೂ ತೆಗೆಸಿದರು. ನಿಗಾ ಸಮಿತಿ ಫೋಟೊ ತೆಗೆಯಕೂಡದೆಂದು ಬರೆದು ಸಹಿ ಮಾಡಿದರು. ಹಣಮಂತ್ರಾಯ ಎಲ್ಲರೆದುರು ತನ್ನ ಫೋನಿನಿಂದ ಹನ್ನೊಂದನ್ನೂ ಅಳಿಸಿದ. ವಿಜಯವಾಯಿತೆಂದು ಅಂಬ್ರಪ್ಪ ಜೈ ಭೀಮ್ ಎಂದ.

ಅಷ್ಟರಲ್ಲಿ ಮಾಳಮ್ಮ ತನ್ನ ಫೋನು ತೆಗೆದು ನೋಡಿ, ಇಲ್ಲಿ ಇನ್ನೂ ಇದೆಯಲ್ಲ ಎಂದಳು.

ಅವನ ಫೋನಿನಲ್ಲಿ ಅಳಿಸಿದರೆ ಅವನದಷ್ಟೇ ಹೋಗುತ್ತದೆ, ಉಳಿದ ಇನ್ನೂರ ಹನ್ನೆರಡರಲ್ಲಿ ಹಾಗೇ ಕೂತಿರುತ್ತದೆ ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಪಿಡಿಓ ಕೈಚೆಲ್ಲಿದರು. ದಿಲ್ಲಿಯ ಒಂಬತ್ತು ಜನರ ಆಜ್ಞೆಯನ್ನು ಈ ಇನ್ನೂರ ಹನ್ನೆರಡು ಮನೆಗೆ ಮುಟ್ಟಿಸುವವರು ಯಾರು?

"ನೀರಿನ ಬಿಲ್ಲು ಹ್ಯಾಂಗ ಮುಟ್ಟಸ್ತಾನ?" ಎಂದಳು ಮೋನಮ್ಮ. "ಹಂಗ."

ಮರುದಿನದಿಂದ ಆ ದಂಡಯಾತ್ರೆ ಹೊರಟಿತು. ಮುಂದೆ ಹಣಮಂತ್ರಾಯ, ಕೈಯಲ್ಲಿ ಸದಸ್ಯರ ಪಟ್ಟಿ. ಹಿಂದೆ ಎರಡು ಹೆಜ್ಜೆ ಬಿಟ್ಟು ಮೋನಮ್ಮ, ಕೈಯಲ್ಲಿ ಏನೂ ಇಲ್ಲ. ಪ್ರತಿ ಬಾಗಿಲಲ್ಲೂ ಅವನು ಹೇಳಬೇಕಾದ ಮಾತನ್ನು ಆಕೆಯೇ ಗೊತ್ತುಮಾಡಿದ್ದಳು: ಇದು ನಾ ಹೊಡೆದ ಫೋಟೊ, ನಾ ಹೊಡೀಬಾರದಿತ್ತು, ತೆಗೀರಿ. ಆಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹೆಸರಿನೊಳಗಿನ ಮೌನ ಐವತ್ತು ವರ್ಷದ ಮೇಲೆ ಆಕೆಯನ್ನು ಹುಡುಕಿಕೊಂಡು ಬಂದಿತ್ತು, ಬಾಗಿಲು ತೆರೆದವರಿಗೆ ಅದು ಆಕೆಯ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಿರಾಣಿ ಅಂಗಡಿಯ ಸೂಗಪ್ಪ ತನ್ನಲ್ಲಿ ಇಲ್ಲವೇ ಇಲ್ಲ ಎಂದು ವಾದಿಸಿ, ಆಕೆ ನೋಡುತ್ತ ನಿಂತದ್ದಕ್ಕೆ ಮೂರು ಕಡೆಯಿಂದ ತೆಗೆದ. ಮುದುಕಿ ಇಮಾಮಬೀಗೆ ಫೋನಿನಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ. ಚಹಾ ಕುಡಿಸಿ, ಅಷ್ಟು ದೊಡ್ಡ ಜೀವವನ್ನು ಇಷ್ಟು ಸಣ್ಣ ಡಬ್ಬಿಯಲ್ಲಿ ಹಾಕಿದ್ದೀಯಲ್ಲೊ ಬೇಟಾ, ಎಂದು ಹಣಮಂತ್ರಾಯನ ಕಿವಿ ಹಿಂಡಿದಳು. ಪುಣೆಯವನಿಗೆ ವಿಡಿಯೊ ಕಾಲ್ ಹಚ್ಚಿದರು. ಅವನು ಅಳಿಸಿ, ಆದರೂ ಹುಟ್ಟುಹಬ್ಬ ಯಾವ ದಿನ ಇತ್ತು ಎಂದು ಕೇಳಿದ.

ನಾಲ್ಕನೆಯ ದಿನಕ್ಕೆ ಊರು ಹಣಮಂತ್ರಾಯನನ್ನು ನೋಡಿ ನಗತೊಡಗಿತು. ಓಣಿಯ ತುದಿಯಲ್ಲಿ ಕಂಡರೆ ಸಾಕು, ಬಾಯಲ್ಲೇ ಸೀಟಿ ಊದುತ್ತಿದ್ದರು. ಅಂದು ಸಂಜೆ ಅವನು ಊರ ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಕೂತು, ಇನ್ನು ತನ್ನಿಂದಾಗದು, ಹೆಂಡತಿಗೆ ಮುಖ ತೋರಿಸಲಾಗುತ್ತಿಲ್ಲ ಎಂದ. ಮೋನಮ್ಮ ಓಣಿಯ ಕಡೆ ತಿರುಗಿ ನಾಲ್ಕು ದಿನದಲ್ಲಿ ಮೊದಲ ಮಾತಾಡಿದಳು.

"ಯಾರೂ ನಗಬ್ಯಾಡ್ರಿ ಇವಂಗ. ಕೆಲಸ ಮಾಡಾಕತ್ತಾನ."

ಸೀಟಿ ನಿಂತಿತು. ಅವನು ಎದ್ದು ಪಟ್ಟಿಯಲ್ಲಿ ಮುಂದಿನ ಹೆಸರು ಓದಿದ. ಮಾಳಮ್ಮನ ಮನೆಗೆ ಹೋದಾಗ ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿದ್ದರು. ಹಣಮಂತ್ರಾಯ ಯಾರ ಫೋಟೊ ಎಂದು ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ. ತನ್ನ ಫೋನನ್ನು ಅವನ ಕೈಗಿಟ್ಟು ಗೋಣು ಆಚೆ ತಿರುಗಿಸಿ ನಿಂತಳು.

ಅಕ್ಟೋಬರ್ ಒಂದರ ಮಧ್ಯಾಹ್ನ ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು. ಹಣಮಂತ್ರಾಯ ಅದನ್ನು ಓದಿ, ಇದು ನಿನ್ನ ಕಡೆಯವರದು ಎಂದು ಪಟ್ಟಿ ಮಡಚಿ ಆಕೆಯ ಕೈಗೆ ಕೊಟ್ಟ. ಮೋನಮ್ಮ ಒಬ್ಬಳೇ ವಡಗೇರಾಕ್ಕೆ ಹೋದಳು.

ಅಕ್ಕನ ಊರಿನ ಸುದ್ದಿಗೆಂದು ಅಂಬ್ರಪ್ಪನೂ ಆ ವಾಟ್ಸಾಪ್ ಗುಂಪಿನಲ್ಲಿದ್ದ. ಆಕೆ ಹೋದಾಗ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಅಕ್ಕ ಕೇಳಿದ್ದಕ್ಕೆ ತಲೆ ಎತ್ತದೆ, ತನ್ನದು ಆ ಲೆಕ್ಕಕ್ಕೆ ಬರುವುದಿಲ್ಲ ಎಂದ. ತನ್ನಲ್ಲಿರುವುದು ಸಾಕ್ಷಿ. ಕಲಬುರಗಿಯ ಹೈಕೋರ್ಟು ಪೀಠಕ್ಕೆ ಹೋದರೆ ಬೇಕಾಗುತ್ತದೆ. ಅರ್ಜಿಯನ್ನು ಆಗಲೇ ಅರ್ಧ ಬರೆದಿದ್ದ, ಮೇಲೆ ದಪ್ಪ ಅಕ್ಷರದಲ್ಲಿ ಆಕೆಯ ಹೆಸರು. ಕಾನೂನು ಓದುವ ಮಕ್ಕಳು ಬೆಂಗಳೂರಿನಿಂದ ದಿಲ್ಲಿಯವರೆಗೆ ಮೋನಮ್ಮನ ಕೇಸು ಎಂದು ಬಾಯಿಪಾಠ ಮಾಡುವುದನ್ನು ಅವನು ಕಣ್ಣಾರೆ ಕಂಡಿದ್ದ.

"ಬುಕ್ಕಿನಾಗ ನನ್ನ ಹೆಸರು ಬರ್ತದೇನು?"

"ಹೆಸರು ಬರ್ತದ, ಯಕ್ಕಾ. ನೂರು ವರ್ಷ ಇರ್ತದ."

"ಫೋಟೊ?"

"ಅದು ಫೈಲಿನ್ಯಾಗ ಇರ್ತದ. ಜಡ್ಜ್ ಸಾಹೇಬ್ರು ನೋಡಬೇಕಲ್ಲ."

"ಎಷ್ಟು ಮಂದಿ ನೋಡ್ತಾರ?"

ಅಂಬ್ರಪ್ಪ ಹುಮ್ಮಸ್ಸಿನಲ್ಲಿ ಎಣಿಸಿದ. "ಕಲಬುರಗ್ಯಾಗ ಒಬ್ರು. ಅಪೀಲಾದ್ರ ಇಬ್ರು. ದಿಲ್ಲಿ ಮುಟ್ಟಿತಂದ್ರ ಒಂಬತ್ತೂ ಆಗಬಹುದು."

"ಇಷ್ಟು ದಿನ ಊರು ತಿರುಗಿ ಎರಡನೂರಾ ಹನ್ನೊಂದು ಮಂದಿ ಕಣ್ಣಾಗಿಂದು ತೆಗಿಸೀನಿ," ಎಂದಳು ಮೋನಮ್ಮ. "ಈಗ ದೊಡ್ಡ ಮಂದಿಗಿ ತೋರ್ಸಾಕ ದಿಲ್ಲಿಗಿ ಒಯ್ಲೇನು ನನ್ನ ಕುಂಡಿ?"

ಟ್ಯೂಬಿನಿಂದ ಗುಳ್ಳೆಗಳು ಏಳುತ್ತಲೇ ಇದ್ದವು. ಅಂಬ್ರಪ್ಪ ತೂತನ್ನು ಬೆರಳಿನಿಂದ ಒತ್ತಿ ಹಿಡಿದ.

"ಸಾಕ್ಷಿ ಇಲ್ದ ಕೇಸು ನಿಲ್ಲಂಗಿಲ್ಲ, ಯಕ್ಕಾ."

"ಸಾಕ್ಷಿ ನಾ ಇದ್ದೀನಿ. ಕೇಳಿದ್ರ ಹೇಳ್ತೀನಿ. ತೋರಸಂಗಿಲ್ಲ."

ಅಂಬ್ರಪ್ಪ ಕೈಯನ್ನು ಅಂಗಿಗೆ ಒರೆಸಿ ಫೋನು ತೆಗೆದ. ಎಲ್ಲೋ ದೂರದಲ್ಲಿ ಕಾನೂನು ಕಾಲೇಜಿನ ಮಕ್ಕಳು ಸಾಲಾಗಿ ಎದ್ದು ಹೊರನಡೆದರು. ಕೊನೆಗೆ ಒತ್ತಿದ. ಫೋನು ಏನೋ ಕೇಳಿತು.

"ಏನಂತದ?"

"ಖಾತ್ರಿ ಏನು ಅಂತ."

"ಕೊಡು ಇಲ್ಲಿ," ಎಂದು ಮೋನಮ್ಮ ಫೋನನ್ನು ಕೈಗೆ ತೆಗೆದುಕೊಂಡಳು. ಅಕ್ಷರ ಬಾರದು, ಆದರೂ ಯಾವುದನ್ನು ಒತ್ತಬೇಕೆಂದು ತಮ್ಮನಿಂದ ಎರಡು ಸಲ ಕೇಳಿ ತಿಳಿದು, ಸಸಿ ನೆಡುವ ಹೆಬ್ಬೆರಳಿನಿಂದ ತಾನೇ ಒತ್ತಿದಳು. ಫೋಟೊ ಹೋಯಿತು. ಆಕೆ ಪಟ್ಟಿಯನ್ನು ಹರಿದು ಟ್ಯೂಬಿನ ನೀರಿಗೆ ಹಾಕಿ, ಸೆರಗು ಸರಿಮಾಡಿಕೊಂಡು, ಸೂಗನಾಳದಲ್ಲಿ ನಿಲ್ಲಿಸುವಂತೆ ಕೂಗುತ್ತ ಶಹಾಪುರದ ಬಸ್ಸಿನ ಹಿಂದೆ ಓಡಿದಳು.